ಎಣ್ಣೆ ಮಾತು ನಿಲ್ಲಿಸುವ ತನಕ

ಖಾಲಿ ಡಬ್ಬಿಗಳನ್ನು ಎಸೆಯುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ. ಮುಖದ ಕ್ರೀಮಿನ ಡಬ್ಬಿ, ನಶ್ಯದ ಡಬ್ಬಿ, ಇಂಗಿನ ಡಬ್ಬಿ, ಯಾರದೋ ಮದುವೆಯಲ್ಲಿ ತಾಂಬೂಲದ ಜೊತೆ ಕೊಟ್ಟ ಕುಂಕುಮದ ಭರಣಿ, ಎಲ್ಲವೂ ನಮ್ಮ ಅಡುಗೆಮನೆಯ ಮೇಲಿನ ಅಟ್ಟಣಿಗೆಯಲ್ಲಿ ಸಾಲಾಗಿ ಕೂತಿವೆ. ಹೊಸಬರು ಯಾರಾದರೂ ನೋಡಿದರೆ ಈ ಹೆಂಗಸು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳೋ ಅಥವಾ ಗುಜರಿ ಅಂಗಡಿ ಇಟ್ಟವಳೋ ಎಂದು ಅನುಮಾನಪಡಬೇಕು. ನಮ್ಮ ಯಜಮಾನರು ತಿಂಗಳಿಗೊಮ್ಮೆ ಹಳೇ ಪೇಪರ್ ಹಾಕುವಾಗ, "ಇವನ್ನೂ ತೂಕಕ್ಕೆ ಹಾಕ್ಬಿಡ್ಲೇನೇ?" ಎಂದು ಕೇಳುತ್ತಾರೆ. ಹಾಕಿ ನೋಡಿ ಎನ್ನುತ್ತೇನೆ. ಹಾಕುವಂತಿಲ್ಲ ಎಂದು ಅವರಿಗೂ ಗೊತ್ತು. ಒಂದೊಂದು ಡಬ್ಬಿಗೂ ಒಬ್ಬೊಬ್ಬ ವಾರಸುದಾರರಿದ್ದಾರೆ, ಒಂದೊಂದು ತುರಿಕೆಯಿದೆ.

ಅದರಲ್ಲಿ ಗುಲಾಬಿ ಮುಚ್ಚಳದ ಡಬ್ಬಿ ಒಂದಿದೆ. ಅದನ್ನು ನೋಡಿದಾಗಲೆಲ್ಲ ನನಗೆ ಈಗಲೂ ಸ್ವಲ್ಪ ಮುಖ ಬಿಸಿಯಾಗುತ್ತದೆ. ಆ ಕತೆಗೆ ಬರುತ್ತೇನೆ. ಆದರೆ ಮೊದಲು ನಿಮಗೆ ನಮ್ಮ ಅತ್ತೆಯವರ ಪರಿಚಯವಾಗಬೇಕು.

ನಮ್ಮ ಅತ್ತೆ ಗಂಗಮ್ಮ, ಗುಬ್ಬಿಯ ಪಕ್ಕದ ಹಳ್ಳಿಯವರು. ಅವರು ಒಂದು ಮುಲಾಮು ಮಾಡುತ್ತಿದ್ದರು. ಬೇವಿನೆಲೆ, ಗರಿಕೆ, ಬೇಲಿ ಬದಿಯಲ್ಲಿ ತಾನಾಗಿ ಬೆಳೆಯುವ ಕುಪ್ಪಿಗಿಡ, ಹಸಿ ಅರಿಶಿನ. ಇವನ್ನು ಅರೆದು ಕೊಬ್ಬರಿ ಎಣ್ಣೆಯಲ್ಲಿ ಕಾಯಿಸಿ, ಸೋಸಿ, ಜೇನುಮೇಣ ಕರಗಿಸಿದರೆ ಆಯಿತು. ಬಣ್ಣ ಕೆರೆ ಬತ್ತಿದಾಗ ಕಲ್ಲಿನ ಮೇಲೆ ಒಣಗಿದ ಪಾಚಿಯಂತೆ. ವಾಸನೆಯ ಬಗ್ಗೆ ಸೊಸೆಯಾಗಿ ನಾನು ಮಾತಾಡುವುದು ಸರಿಯಲ್ಲ. ತುರಿಕೆ, ಕೈಕಾಲು ಬಿರುಕು, ಬೆವರುಸಾಲೆ, ಬಟ್ಟೆ ಸೋಪಿನಿಂದ ಸುಲಿದ ಬೆರಳು, ಇವುಗಳಿಗೆಲ್ಲ ಸುತ್ತಲ ಹಳ್ಳಿಯವರು ಅತ್ತೆಯ ಹತ್ತಿರವೇ ಬರುತ್ತಿದ್ದರು. ಕೀವಾಗಿದ್ದರೆ, ಜ್ವರವಿದ್ದರೆ ಮಾತ್ರ ಅತ್ತೆ ಮುಟ್ಟುತ್ತಿರಲಿಲ್ಲ. "ಇದು ನಂದಲ್ಲ ಕಣವ್ವ, ಡಾಕ್ಟ್ರದು" ಎಂದು ಆಸ್ಪತ್ರೆಗೆ ಅಟ್ಟುತ್ತಿದ್ದರು.

ಮುಲಾಮಿಗೆ ಕೆಲವು ಕಟ್ಟುಪಾಡುಗಳಿದ್ದವು. ದುಡ್ಡು ತೆಗೆದುಕೊಳ್ಳುವಂತಿಲ್ಲ. ಬೇಕಾದವರು ತಮ್ಮ ಡಬ್ಬಿ ತಾವೇ ತರಬೇಕು. ಮಾಡುವ ದಿನ ಅಡುಗೆಮನೆಯೊಳಗೆ ಯಾರೂ ಕಾಲಿಡಬಾರದು, ಹೊರಗೆ ಇರುವವರೂ ಬಾಯಿ ಬಿಡಬಾರದು. ಡಬ್ಬಿಗೆ ತುಂಬಿಕೊಡುವ ಮೊದಲು ಅತ್ತೆಯೇ ಒಂದು ಬೆರಳು ತೆಗೆದು ನೋವಿದ್ದ ಜಾಗಕ್ಕೆ ಹಚ್ಚಬೇಕು. ಆಮೇಲೆ ಅವರವರ ಕೈ. ಆ ಮೊದಲ ಬೆರಳಿನಲ್ಲೇ ಎಲ್ಲ ಇರುವುದು ಎಂದು ಊರಿನವರ ನಂಬಿಕೆ. ಕೈಗುಣ ಎನ್ನುತ್ತಾರಲ್ಲ, ಅದು.

ನಮ್ಮ ಕಡೆ ಕೈಗುಣ ಇಲ್ಲದೆ ಏನೂ ನಡೆಯುವುದಿಲ್ಲ. ಉಪ್ಪಿನಕಾಯಿ ಹಾಕುವುದಕ್ಕೂ ಕೈಗುಣ ಬೇಕು, ಬಾಳೆಕಂದು ನೆಡುವುದಕ್ಕೂ ಬೇಕು. ನಾನು ಹಾಕಿದ ಮೊದಲ ಉಪ್ಪಿನಕಾಯಿ ಇಪ್ಪತ್ತು ದಿನಕ್ಕೆ ಬೂಷ್ಟು ಹಿಡಿದಾಗ ನಮ್ಮ ಮನೆಯವರು ಯಾರೂ ಉಪ್ಪು ಕಡಿಮೆ ಎನ್ನಲಿಲ್ಲ. ನನ್ನ ಕೈಯನ್ನೇ ಒಂದು ಸಲ ನೋಡಿದರು.

ಅತ್ತೆಯ ಬೆರಳು ಮೊದಲು ನನ್ನ ಮೈ ಮುಟ್ಟಿದ್ದು ಮದುವೆಯಾದ ವರ್ಷ. ನಾನು ಕುಣಿಗಲ್ ಪೇಟೆಯ ಹುಡುಗಿ, ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ರಾಗಿ ಎಂದರೆ ಹಿಟ್ಟಿನ ಗಿರಣಿಯಿಂದ ಬೆಚ್ಚಗೆ ಬರುವ ಪದಾರ್ಥ ಎಂದಷ್ಟೇ ತಿಳಿದಿದ್ದವಳು. ಹೊಸ ಸೊಸೆ ಕೆಲಸಗಳ್ಳಿ ಎನ್ನಿಸಿಕೊಳ್ಳಬಾರದಲ್ಲ, ಸೆರಗು ಸಿಕ್ಕಿಸಿಕೊಂಡು ಕಣಕ್ಕೆ ಇಳಿದು ಮೊರ ಹಿಡಿದೆ. ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ನೋಡಿಕೊಂಡು ನಿಲ್ಲಬೇಕು ಎನ್ನುವುದು ನನಗೆ ಯಾರು ಹೇಳಬೇಕು? ರಾಗಿಯ ಹೊಟ್ಟು ಎಲ್ಲ ನನ್ನ ಮೇಲೇ ಬಂತು. ಮಧ್ಯಾಹ್ನದ ಹೊತ್ತಿಗೆ ಕುತ್ತಿಗೆಯಿಂದ ಮೊಣಕೈವರೆಗೆ ಕೆಂಪು ದದ್ದು. ಅಳುವುದಕ್ಕೂ ನಾಚಿಕೆ. ಅತ್ತೆ ನನ್ನನ್ನು ಹಿತ್ತಿಲ ಕಲ್ಲಿನ ಮೇಲೆ ಕೂರಿಸಿ, ಒಂದು ಕರಟದಿಂದ ಮುಲಾಮು ತೆಗೆದು ಹಚ್ಚಿದರು. ಅವರ ಬೆರಳು ಒರಟು, ಆದರೆ ಹಚ್ಚುವಾಗ ಎಷ್ಟು ಹಗುರ! ಕೊನೆಗೆ, "ನಾಳಿಂದ ಗಾಳಿಗೆ ಬೆನ್ನಾಕಿ ನಿಂತ್ಕೋ" ಎಂದಷ್ಟೇ ಹೇಳಿದರು. ಇವತ್ತಿನವರೆಗೂ ಅವರು ಆ ಮೊರದ ವಿಷಯ ಯಾರ ಮುಂದೆಯೂ ಎತ್ತಿಲ್ಲ. ಈಗ ನಾನೇ ಎತ್ತುತ್ತಿದ್ದೇನೆ.

ಆ ದಿನವೇ ನಾನು ಅವರ ಹಿಮ್ಮಡಿ ನೋಡಿದ್ದು. ಅವರು ನನ್ನೆದುರು ಕುಕ್ಕರುಗಾಲಿನಲ್ಲಿ ಕೂತಿದ್ದರು. ಬಿರುಕು ಎಂದರೆ ಸಾಮಾನ್ಯ ಬಿರುಕಲ್ಲ, ಸೀರೆಯ ನೂಲು ಸಿಕ್ಕಿಕೊಳ್ಳುವಷ್ಟು ಆಳ. "ಅತ್ತೆ, ನೀವೂ ಈ ಮುಲಾಮೇ ಹಚ್ಚಿಕೊಳ್ಳಬಾರದಾ?" ಎಂದೆ. ಅವರು ತಕ್ಷಣ ಸೀರೆಯ ಅಂಚನ್ನು ಎಳೆದು ಕಾಲು ಮುಚ್ಚಿಕೊಂಡರು. "ನಂಗ್ಯಾಕ್ ಬುಡು" ಎಂದರು. ಆಮೇಲೆ ಮೂವತ್ತೈದು ವರ್ಷ ನಾನು ಆ ಹಿಮ್ಮಡಿಯನ್ನು ಸರಿಯಾಗಿ ನೋಡಿದ್ದೇ ಇಲ್ಲ. ಯಾರಾದರೂ ಬಂದರೆ ಸಾಕು, ಅವರ ಕಾಲು ಸೀರೆಯ ಒಳಗೆ ಸೇರಿಬಿಡುತ್ತಿತ್ತು. ತನ್ನ ಮೈಯ ಬಗ್ಗೆ ಅಸಡ್ಡೆ ಎಂದು ನಾನು ತೀರ್ಮಾನ ಮಾಡಿದೆ. ಪೇಟೆ ಹುಡುಗಿಗೆ ಅಷ್ಟು ಅಹಂಕಾರ ಇರಲೇಬೇಕಲ್ಲ.

ಹಿಮ್ಮಡಿ ಎಂದ ಮೇಲೆ ನಮ್ಮ ಅಮ್ಮನ ಹಿಮ್ಮಡಿಯ ಕತೆ ಹೇಳದೆ ಮುಂದೆ ಹೋಗಲಾರೆ. ಕುಣಿಗಲ್ಲಿನಲ್ಲಿ ನಮ್ಮ ಪಕ್ಕದ ಮನೆಯ ಬಾಷಾ ಮಾಮ ಕುದುರೆ ನೋಡಿಕೊಳ್ಳುವ ಕೆಲಸದಲ್ಲಿದ್ದರು. ಚಳಿಗಾಲದಲ್ಲಿ ಅಮ್ಮನ ಹಿಮ್ಮಡಿ ಒಡೆದು ಅವಳು ತುದಿಗಾಲಿನಲ್ಲಿ ನಡೆಯುತ್ತಿದ್ದುದನ್ನು ನೋಡಿ ಅವರು ಒಂದು ಡಬ್ಬಿಯಲ್ಲಿ ಕಪ್ಪಗಿನ ಜಿಡ್ಡು ಪದಾರ್ಥ ತಂದುಕೊಟ್ಟರು. "ಹಚ್ಕೊಳಿ ಅಕ್ಕಾ, ಕುದ್ರೆ ಗೊರಸು ಬಿರ್ದ್ರೆ ನಾವು ಮನೇಲಿ ಇದೇ ಮಾಡ್ಕೊಂಡು ಹಚ್ಚೋದು" ಎಂದರು. ಅಮ್ಮ ಹಚ್ಚಿಕೊಂಡಳು. ಅಪ್ಪ ಕಚೇರಿಯಿಂದ ಬಂದವರು ಸುಮ್ಮನಿರಬೇಕೋ ಬೇಡವೋ? "ಇನ್ನು ಕೆರೆ ಏರಿ ಮೇಲೆ ಓಡ್ಸಿ ನೋಡ್ಬೋದು" ಎಂದರು. ಅಮ್ಮ ಎರಡು ದಿನ ಅವರ ಹತ್ತಿರ ಮಾತು ಬಿಟ್ಟಳು. ಹಿಮ್ಮಡಿ ಮಾತ್ರ ಎರಡು ವಾರದಲ್ಲಿ ನುಣ್ಣಗಾಯಿತು. ನನಗೆ ಕಜ್ಜಿಯಾದಾಗಲೂ ಅಮ್ಮ ಅದೇ ಡಬ್ಬಿ ತೆಗೆದಳು. ಅಪ್ಪ ತಡೆದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಮೈಗೆಲ್ಲ ನೀಲಿ ಔಷಧಿ ಬಳಿದು ಕಳಿಸಿದರು. ಒಂದು ವಾರ ನೀಲಿ ಬಣ್ಣದಲ್ಲಿ ಶಾಲೆಗೆ ಹೋದೆ. ಕುದುರೆಯಾಗಿದ್ದರೇ ಚೆನ್ನಾಗಿತ್ತು ಎನ್ನಿಸಿತ್ತು.

ಇರಲಿ. ಆರು ವರ್ಷದ ಹಿಂದೆ ಅತ್ತೆಗೆ ಕಣ್ಣಿನ ಪೊರೆ ತೆಗೆಸಿದೆವು. ಊರಿನಲ್ಲಿ ಮೈದುನನ ಸಂಸಾರವಿದೆ, ತೋಟವಿದೆ; ಆದರೂ ಡಾಕ್ಟರ ಹತ್ತಿರ ಪದೇ ಪದೇ ಹೋಗಬೇಕಲ್ಲ ಎಂದು ಅವರು ತುಮಕೂರಿನ ನಮ್ಮ ಮನೆಗೆ ಬಂದರು. ಬಂದವರು ಇಲ್ಲೇ ಹೊಂದಿಕೊಂಡರು. ಅವರ ಹಿಂದೆಯೇ ಡಬ್ಬಿಗಳೂ ಬಂದವು. ಗುಬ್ಬಿ ಬಸ್ಸಿಳಿದು ವಿಳಾಸ ಕೇಳಿಕೊಂಡು ಬರುವವರು, ಹಿರೇಹಳ್ಳಿಯ ಫ್ಯಾಕ್ಟರಿಯಲ್ಲಿ ಗ್ರೀಸು ಸೀಮೆಎಣ್ಣೆಯಲ್ಲಿ ಕೈ ಹಾಳುಮಾಡಿಕೊಂಡವರು. ನಾನು ಈ ಬಡಾವಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೇನೆ, ಅರ್ಧ ಬೀದಿಯ ಮಕ್ಕಳಿಗೆ ಪಾಠ ಹೇಳಿದ್ದೇನೆ. ಈಗ ನಮ್ಮ ಮನೆಗೆ ದಾರಿ ಕೇಳುವವರು "ಮುಲಾಮಿನ ಅಜ್ಜಿ ಮನೆ ಎಲ್ಲಿ?" ಎನ್ನುತ್ತಾರೆ. ಟೀಚರ್ ಮನೆ ಎನ್ನುವುದು ಆರೇ ತಿಂಗಳಲ್ಲಿ ಅಳಿಸಿಹೋಯಿತು.

ಸುಳ್ಳೇಕೆ ಹೇಳಲಿ, ಸ್ವಲ್ಪ ಹೊಟ್ಟೆಕಿಚ್ಚೇ ಆಗಿತ್ತು. ನಿವೃತ್ತಿಯಾದ ಮೇಲೆ ಅದು ಹೆಚ್ಚಾಯಿತು. "ಅತ್ತೆ, ನನಗೂ ಹೇಳಿಕೊಡಿ, ಬರೆದಿಟ್ಟುಕೊಳ್ತೀನಿ" ಎಂದು ಬೆನ್ನು ಹತ್ತಿದೆ.

"ಹೇಳ್ಕೊಟ್ರೆ ನನ್ ಕೈ ಹೋಯ್ತದೆ ಕಣೇ" ಎಂದರು ಅತ್ತೆ.

ಆಗ ತಿಳಿಯಿತು. ಮುಲಾಮು ಒಂದು ಕಾಲಕ್ಕೆ ಒಬ್ಬರ ಕೈಯಲ್ಲಿ ಮಾತ್ರ ಇರುತ್ತದೆ. ಅತ್ತೆಗೆ ಅದನ್ನು ಕೊಟ್ಟವರು ಅವರ ಚಿಕ್ಕವ್ವ. ಹೇಳಿಕೊಟ್ಟ ದಿನದಿಂದ ಆ ಚಿಕ್ಕವ್ವ ಎಣ್ಣೆ ಬಾಣಲೆ ಮುಟ್ಟಲಿಲ್ಲವಂತೆ. ಯಾರಾದರೂ ಕೇಳಿಕೊಂಡು ಬಂದರೆ, "ಗಂಗಿ ತಾವ ಹೋಗಿ" ಎಂದು ಕಳಿಸುತ್ತಿದ್ದರಂತೆ. ಕೊಟ್ಟ ಮೇಲೆ ಮುಗಿಯಿತು.

"ಅತ್ತೆ, ಎಣ್ಣೆಗೆ ಯಾರ ಕೈ ಅಂತ ಹೇಗೆ ಗೊತ್ತಾಗುತ್ತೆ? ಬೇವಿನ ಗುಣ ಬೇವಿನಲ್ಲಿರುತ್ತೆ" ಎಂದು ನಾನು ಪಾಠ ಶುರುಮಾಡಿದೆ.

"ಹಂಗಾರೆ ಬೇವಿನ ಮರನೇ ಕೇಳು ಹೋಗು. ನನ್ಯಾಕ್ ಕೇಳ್ತೀಯ?" ಎಂದರು.

ಎರಡು ವರ್ಷ ಹೀಗೇ ಕಳೆಯಿತು. ಹೋದ ವರ್ಷ ಸಂಕ್ರಾಂತಿ ಆದ ಮೇಲೆ, ಒಂದು ಬೆಳಿಗ್ಗೆ, ನಾನು ಕಾಫಿ ಕೊಟ್ಟಾಗ ಲೋಟ ಅವರ ಕೈಯಲ್ಲಿ ನಡುಗಿತು. ಸೀರೆಯ ಮೇಲೆ ಸ್ವಲ್ಪ ಚೆಲ್ಲಿತು. ಅತ್ತೆ ಬಹಳ ಹೊತ್ತು ಆ ಕಲೆಯನ್ನೇ ನೋಡಿದರು. ಆಮೇಲೆ, "ಪುಸ್ತಕ ತಗಂಬಾ, ಬರ್ಕೋ" ಎಂದರು.

ನಾನು ಪುಸ್ತಕದ ಜೊತೆಗೆ ಅಡುಗೆಮನೆಯ ತಕ್ಕಡಿಯನ್ನೂ ತಂದೆ. ಅವರು ಒಂದು ಹಿಡಿ ಎಂದರೆ ಅವರ ಕೈಯಲ್ಲೇ ಒಂದು ಹಿಡಿ ತೆಗೆಸಿ ತೂಕಕ್ಕೆ ಹಾಕಿ ಗ್ರಾಮಿನಲ್ಲಿ ಬರೆದುಕೊಂಡೆ. ಮೇಣ ಹುಣಸೆಬೀಜದಷ್ಟು ಎಂದರೆ ಹುಣಸೆಬೀಜ ತಂದು ತೂಗಿದೆ. ಮಂಗಳವಾರ ಮಾಡಬಾರದು, ಪೂರ್ವಕ್ಕೆ ಮುಖ ಮಾಡಬೇಕು, ಒಲೆ ಮುಂದೆ ಮಾತಾಡಬಾರದು, ಇವನ್ನೆಲ್ಲ ಸೊಸೆಯ ಮರ್ಯಾದೆಗೆ ಬರೆದುಕೊಂಡು ಆಮೇಲೆ ಟೀಚರ ಮರ್ಯಾದೆಗೆ ಹೊಡೆದುಹಾಕಿದೆ. "ಎಷ್ಟು ಹೊತ್ತು ಕಾಯಿಸಬೇಕು ಅತ್ತೆ?" ಎಂದು ಕೇಳಿದೆ.

"ಎಣ್ಣೆ ಮಾತು ನಿಲ್ಸೋಗಂಟ" ಎಂದರು.

ಹಳ್ಳಿಯವರು ಹೀಗೆಲ್ಲ ಚೆಂದವಾಗಿ ಮಾತಾಡುತ್ತಾರೆ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡು, ಪುಸ್ತಕದಲ್ಲಿ ಬರೆದೆ: ಸಣ್ಣ ಉರಿ, ಇಪ್ಪತ್ತು ನಿಮಿಷ.

ಎಲ್ಲ ಆದ ಮೇಲೆ ಅತ್ತೆ ನನ್ನ ಬಲಗೈ ಹಿಡಿದು ಅಂಗೈ ಬಿಚ್ಚಿಸಿದರು. ತಮ್ಮ ಡಬ್ಬಿಯ ತಳದಲ್ಲಿ ಉಳಿದಿದ್ದ ಮುಲಾಮನ್ನೆಲ್ಲ ಬಳಿದು ಅಂಗೈಗೆ ಇಟ್ಟು ತಿಕ್ಕಿದರು. "ಇನ್ ನಿಂದು. ಇನ್ನೊಬ್ರಿಗೆ ಹೇಳಿದ್ರೆ ನಿನ್ ಕೈಯೂ ಹೋಯ್ತದೆ. ಹೇಳೋ ಕಾಲಕ್ಕೆ ಹೇಳು, ಅಲ್ಲೀಗಂಟ ಇಟ್ಕೋ" ಎಂದರು. ಆಮೇಲೆ ಸೆರಗಿನಲ್ಲಿ ತಮ್ಮ ಬೆರಳು ಒರೆಸಿಕೊಂಡರು. ಮತ್ತೆ ಮತ್ತೆ ಒರೆಸಿಕೊಂಡರು. ನಾನು ಎಂಥವಳು ನೋಡಿ, ಒಂದು ಗಂಟೆಯೊಳಗೆ ಕೈ ತೊಳೆದು ಬೇವಿನೆಲೆ ಬಿಡಿಸುತ್ತಾ ಕೂತಿದ್ದೆ.

ಮೊದಲ ಸಲವೇ ಮುಲಾಮು ಚೆನ್ನಾಗಿ ಹೆಪ್ಪುಗಟ್ಟಿತು. ಅತ್ತೆಯದಕ್ಕಿಂತ ಹಸಿರು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಮ್ಮದೊಂದು ವಾಟ್ಸಾಪ್ ಗ್ರೂಪಿದೆ, ಗಂಗಮ್ಮನ ಬಳಗ ಎಂದು ಹೆಸರು, ನಲವತ್ತಾರು ಜನ. ಅಲ್ಲಿ ಫೋಟೋ ಹಾಕಿದೆ. ಫೋಟೋದ ಕೆಳಗೆ ಪೂರ್ತಿ ವಿಧಾನವನ್ನೂ ಟೈಪ್ ಮಾಡಿ ಹಾಕಿದೆ. ತಲೆಬರಹ: ನಮ್ಮ ಅತ್ತೆಯವರ ಮುಲಾಮು, ಅಳತೆ ಸಮೇತ. ಆ ಅಳತೆ ಸಮೇತ ಎನ್ನುವ ಎರಡು ಪದಕ್ಕಾಗಿಯೇ ಹಾಕಿದೆನೋ ಏನೋ. ಅತ್ತೆ ಹೇಳಿದ ಮಾತು ನೆನಪಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಿತ್ತು. ನಂಬಿಕೆ ಇರಲಿಲ್ಲ. ಕೈ ಮುಗಿದ ಚಿತ್ರಗಳು, ಹೂವಿನ ಚಿತ್ರಗಳು ಸುರಿದವು. ಕೋರದಲ್ಲಿರುವ ನಾದಿನಿ ಶಾರದೆ ಮೂರು ತಾವರೆ ಕಳಿಸಿದಳು.

ಹನ್ನೆರಡನೆಯ ದಿನ ಡಬ್ಬಿ ತೆಗೆದರೆ ಮೇಲೆ ಬಿಳೀ ತುಪ್ಪಟ. ಬೂಷ್ಟು. ಉಪ್ಪಿನಕಾಯಿಯ ಹಳೇ ಸ್ನೇಹಿತ ಹುಡುಕಿಕೊಂಡು ಬಂದಿದ್ದ. ಮುಚ್ಚಳ ಮುಚ್ಚಿ ಅದನ್ನು ಯಾರಿಗೂ ಕಾಣದ ಹಾಗೆ ಹಿಂದಕ್ಕೆ ತಳ್ಳಿದೆ. ಅದೇ ಹೊತ್ತಿಗೆ ಹಾಲ್‌ನಲ್ಲಿ ಅತ್ತೆಯ ಫೋನು ರಿಂಗಾಯಿತು. ಅವರಿಗೆ ಕಿವಿಗೆ ಹಿಡಿದುಕೊಂಡು ಅಭ್ಯಾಸವಿಲ್ಲ, ಸ್ಪೀಕರಿನಲ್ಲೇ ಮಾತು. ಶಾರದೆಯ ದನಿ ಮನೆಗೆಲ್ಲ ಕೇಳಿಸಿತು.

"ಅವ್ವಾ, ಅತ್ಗೆ ಗ್ರೂಪಲ್ಲಿ ಹಾಕಿದ್ರಲ್ಲ ನಿನ್ ಮುಲಾಮು, ಗ್ರಾಮ್ ಗ್ರಾಮ್ ತೂಗೇ ಮಾಡ್ದೆ. ಎಲ್ಲಾ ಬೂಷ್ಟು ಹಿಡ್ದೈತೆ. ಇಲ್ಲಿ ಮೂರು ಜನ ಮಾಡಿದ್ರು, ಮೂರೂ ಜನದ್ದೂ ಹಿಂಗೇ."

ಅತ್ತೆ ಫೋನು ಇಟ್ಟರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ.

"ಎಷ್ಟ್ ಜನಕ್ ಹೇಳ್ದೆ?" ಎಂದು ಕೇಳಿದರು.

"ನಲವತ್ತಾರು" ಎಂದೆ. ಕ್ಲಾಸಿನಲ್ಲಿ ಸಿಕ್ಕಿಬಿದ್ದ ಹುಡುಗಿಯ ದನಿಯಲ್ಲಿ.

ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಅತ್ತೆ ತಮ್ಮ ಅಂಗೈ ನೋಡಿಕೊಂಡರು, ನನ್ನ ಕೈ ನೋಡಿದರು, ಆಮೇಲೆ ಮೊರ ಎಳೆದುಕೊಂಡು ಅವರೆಕಾಯಿ ಸುಲಿಯುತ್ತಾ ಕೂತರು. ಅವತ್ತು ಇಡೀ ದಿನ ಅವರು ನನ್ನನ್ನು ರತ್ನ ಎಂದು ಹೆಸರು ಹಿಡಿದು ಕರೆಯಲಿಲ್ಲ.

ಎರಡು ದಿನ ಬಿಟ್ಟು ಪುಟ್ಟತಾಯಮ್ಮ ಬಂದರು. ಗುಬ್ಬಿಯಲ್ಲಿ ಕೊಬ್ಬರಿ ಸುಲಿಯುವ ಕೆಲಸದವರು, ವರ್ಷಕ್ಕೆ ನಾಲ್ಕು ಸಲವಾದರೂ ಬರುವವರು. ಅಂಗೈ ಎರಡೂ ಗೀರು ಗೀರಾಗಿ ಬಿರಿದಿದ್ದವು. ನೆಲದ ಮೇಲೆ ಕೂತು, ಸೆರಗಿನ ಗಂಟು ಬಿಚ್ಚಿ ಒಂದು ಗುಲಾಬಿ ಮುಚ್ಚಳದ ಡಬ್ಬಿ ತೆಗೆದು ಅತ್ತೆಯ ಮುಂದಿಟ್ಟರು. ಎರಡೂ ಕೈ ಚಾಚಿದರು, ಯಾವಾಗಿನ ಹಾಗೆ.

ಅತ್ತೆ ಮುಟ್ಟಲಿಲ್ಲ. "ನನ್ ಕೈಲಿಲ್ಲ ಕಣವ್ವ. ಕೊಟ್ಬುಟ್ಟೆ" ಎಂದರು.

"ಯಾರ್ ಕೈಲೈತೆ ಗಂಗಕ್ಕಾ? ಅವ್ರ್ ತಾವೇ ಹೋಯ್ತೀನಿ."

"ಅದೇ ಗೊತ್ತಿಲ್ಲ" ಎಂದರು ಅತ್ತೆ. ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ.

ಪುಟ್ಟತಾಯಮ್ಮನಿಗೆ ಅರ್ಥವಾಗಲಿಲ್ಲ. ನಾನು ಕೊಟ್ಟ ಕಾಫಿ ಕುಡಿದು, ಬಿರಿದ ಕೈಯಲ್ಲೇ ಲೋಟ ತೊಳೆದಿಟ್ಟು, ಡಬ್ಬಿ ಇಲ್ಲೇ ಇರಲಿ ಎಂದು ಬಿಟ್ಟು ಬಸ್ಸಿಗೆ ಹೊರಟರು. ಅತ್ತೆಯ ಮುಂದೆ ಕೈ ಚಾಚಿದವರೊಬ್ಬರು ಹಾಗೇ ಹಿಂದಕ್ಕೆ ಹೋದದ್ದು ನಾನು ನೋಡಿದ್ದು ಅದೇ ಮೊದಲು. ಗೇಟು ಹಾಕಿಕೊಂಡು ಬಂದು ನಾನು ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಎಂಬತ್ತು ದಾಟಿದ ಹೆಂಗಸಿಗೆ ಇದ್ದ ಒಂದೇ ಆಸ್ತಿಯನ್ನು ಕೇಳಿ ಪಡೆದು, ಅದನ್ನು ಒಂದು ಫೋಟೋದ ಕೆಳಗೆ ಚೆಲ್ಲಿಬಿಟ್ಟಿದ್ದೆ. ಕೈಗುಣವನ್ನು ನಾನು ನಂಬದಿದ್ದರೇನು, ಅವರು ನಂಬಿದ್ದರು. ಅದರ ಮೇಲೇ ಅವರು ಇಷ್ಟು ವರ್ಷ ಬದುಕಿದ್ದರು.

ಬೂಷ್ಟು ಯಾಕೆ ಬರುತ್ತದೆ ಎಂದು ನನಗೆ ಗೊತ್ತಿಲ್ಲದ ವಿಷಯವಲ್ಲ. ಎಂಟನೆಯ ಕ್ಲಾಸಿಗೆ ಎಷ್ಟೋ ವರ್ಷ ಹೇಳಿದ್ದೇನೆ. ನೀರಿನ ಪಸೆ ಉಳಿದಿದ್ದರೆ ಬರುತ್ತದೆ. ಎಲೆಯ ರಸ ಎಣ್ಣೆಯಲ್ಲಿ ಪೂರ್ತಿ ಇಂಗಿಲ್ಲ ಎಂದಾಯಿತು. ಆದರೆ ಇಂಗಿತು ಎಂದು ತಿಳಿಯುವುದು ಹೇಗೆ? ಪುಸ್ತಕ ತೆಗೆದು ನೋಡಿದೆ. ಇಪ್ಪತ್ತು ನಿಮಿಷ ಎಂದು ದುಂಡಗೆ ಬರೆದಿದ್ದೆ. ಅದರ ಮೇಲೆ ನಾನೇ ಹೊಡೆದುಹಾಕಿದ್ದ ಸಾಲು: ಒಲೆ ಮುಂದೆ ಮಾತಾಡಬಾರದು. ಆಗ ಅತ್ತೆಯ ಮಾತು ನೆನಪಾಗಿ ನನ್ನ ತಲೆಗೆ ನಾನೇ ಮೊಟಕಿಕೊಂಡೆ. ಚೆಂದದ ಮಾತು ಎಂದುಕೊಂಡಿದ್ದೆನಲ್ಲ, ಅದೇ ಅಳತೆ.

ಹಿರಿಯರು ಹೇಳಿದ್ದಕ್ಕೆಲ್ಲ ಒಳಗೊಂದು ಅರ್ಥವಿರುತ್ತದೆ ಎಂದು ಭಾಷಣ ಮಾಡುವವಳು ನಾನಲ್ಲ. ಮಂಗಳವಾರ ಯಾಕೆ ಬೇಡ ಎಂದು ನನಗೆ ಇವತ್ತಿಗೂ ತಿಳಿದಿಲ್ಲ. ಪೂರ್ವಕ್ಕೆ ಮುಖ ಮಾಡಿದರೆ ನಮ್ಮ ಅಡುಗೆಮನೆಯಲ್ಲಿ ಫ್ರಿಜ್ಜು ಎದುರಾಗುತ್ತದೆ. ಆದರೆ ಈ ಒಂದು ಮಾತಿಗೆ ನಾನು ಸೋತೆ.

ಮಾರನೆಯ ಬೆಳಿಗ್ಗೆ ಬಾಣಲೆ ಇಟ್ಟೆ. ಕೇಳಿಸಿಕೊಳ್ಳಬೇಕು ಎಂದು ಹೊರಟಾಗಲೇ ನಾವು ಎಂಥ ಗದ್ದಲದಲ್ಲಿ ಬದುಕುತ್ತಿದ್ದೇವೆ ಎಂದು ಗೊತ್ತಾದದ್ದು. ಪಕ್ಕದ ಮನೆಯ ಮಿಕ್ಸಿ, ರಸ್ತೆಯಲ್ಲಿ ತರಕಾರಿ ಆಟೋದ ಮೈಕು, ಮೇಲೆ ಟ್ಯಾಂಕಿಗೆ ನೀರು ಏರಿಸುವ ಮೋಟರು, ಹಾಲ್‌ನಲ್ಲಿ ಟಿವಿಯ ನ್ಯೂಸು. ಮೋಟರು ಆರಿಸಿದೆ, ಫ್ಯಾನು ಆರಿಸಿದೆ, ಟಿವಿ ಆರಿಸಿದೆ. ಮಾತಾಡಬಾರದು ಎಂದು ಯಜಮಾನರಿಗೆ ಸನ್ನೆ ಮಾಡಿದೆ. "ಉಸಿರಾಡ್ಬೋದಾ?" ಎಂದು ಕೇಳಿದರು. ಸನ್ನೆಯಲ್ಲೇ ಹೊರಗೆ ಕಳಿಸಿದೆ.

ಅರೆದ ಸೊಪ್ಪು ಬಿಟ್ಟ ಕೂಡಲೇ ಎಣ್ಣೆ ಸಂತೆಯ ಹಾಗೆ ಗದ್ದಲ ಮಾಡಿತು. ಇಪ್ಪತ್ತು ನಿಮಿಷಕ್ಕೆ ಗದ್ದಲ ಇಳಿಯಿತು. ಅಷ್ಟಕ್ಕೇ ನಾನು ಹೋದ ಸಲ ಒಲೆ ಆರಿಸಿದ್ದೆ. ಈಗ ಕಿವಿಗೊಟ್ಟರೆ ಒಳಗೆ ಇನ್ನೂ ಗುಸುಗುಸು ನಡೆದಿತ್ತು. ಸೌಟಾಡಿಸುತ್ತಾ ನಿಂತೆ. ಸೊಪ್ಪಿನ ಹಸಿರು ಕಂದಾಯಿತು. ಗುಸುಗುಸು ನಿಂತು, ಅಲ್ಲೊಂದು ಇಲ್ಲೊಂದು ಮಾತು. ಆಮೇಲೆ ಅದೂ ಇಲ್ಲ. ಮುಕ್ಕಾಲು ಗಂಟೆ ಮೀರಿತ್ತು. ಒಲೆ ಆರಿಸೋಣ ಎಂದು ಕೈ ಚಾಚಿದೆ. ಯಾರೋ ಇದ್ದ ಹಾಗೆನಿಸಿ ತಿರುಗಿದರೆ ಬಾಗಿಲಿಗೆ ಒರಗಿ ಅತ್ತೆ ನಿಂತಿದ್ದರು. ತಲೆ ಒಂದು ಕಡೆಗೆ ವಾಲಿಸಿ, ಕಣ್ಣು ಮುಚ್ಚಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಕಣ್ಣು ತೆರೆದು, ಬೇಡ ಎನ್ನುವಂತೆ ತಲೆಯಾಡಿಸಿದರು. ಕೈ ಹಿಂದಕ್ಕೆ ತೆಗೆದೆ. ಬಾಣಲೆಯ ತಳದಿಂದ ಒಂದೇ ಒಂದು ಚಟ್ ಎಂಬ ಸದ್ದು ಬಂತು. ಇಬ್ಬರೂ ಕಾದೆವು. ಮತ್ತೆ ಬರಲಿಲ್ಲ. ಅತ್ತೆ ಹೂಂ ಎನ್ನುವಂತೆ ಕತ್ತು ಹಾಕಿ ತಮ್ಮ ಕುರ್ಚಿಗೆ ಹೋದರು.

ಹಳೇ ಸೀರೆಯ ಅರಿವೆಯಲ್ಲಿ ಸೋಸಿ, ಮೇಣ ಕರಗಿಸಿ ಇಟ್ಟೆ. ಇಪ್ಪತ್ತೈದು ದಿನ ದಿನಾ ಮುಚ್ಚಳ ತೆಗೆದು ನೋಡಿದೆ. ಬೂಷ್ಟು ಬರಲಿಲ್ಲ. ಇಪ್ಪತ್ತಾರನೆಯ ದಿನ ಡಬ್ಬಿ ಹಿಡಿದುಕೊಂಡು ಹೋಗಿ ಅತ್ತೆಯ ಕುರ್ಚಿಯ ಮುಂದೆ ನೆಲಕ್ಕೆ ಕೂತೆ.

"ತಪ್ಪಾಯ್ತು ಅತ್ತೆ. ನಲವತ್ತಾರು ಜನಕ್ಕೆ ಹಂಚಿಬಿಟ್ಟೆ. ಹೋದ ಕೈನ ವಾಪಸ್ ತರೋದು ಹೇಗೆ?" ಎಂದೆ. ಬೇವಿನ ಗುಣ ಬೇವಿನಲ್ಲಿರುತ್ತೆ ಎಂದ ಅದೇ ಬಾಯಿ.

ಅತ್ತೆ ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿದರು. "ಅವ್ರಲ್ಲಿ ಯಾರ್ ಕೈಗಾದ್ರೂ ಮುಲಾಮು ಇಕ್ಕಿ ತಿಕ್ಕಿದ್ಯಾ?"

"ಇಲ್ಲ."

"ಬಾಯಲ್ ಹೇಳ್ದಾ?"

"ಇಲ್ಲ. ಫೋನಲ್ಲಿ ಹಾಕಿದೆ."

"ಫೋನಿಗೆ ಕೈ ಎಲ್ಲೈತೆ?" ಎಂದರು. ಆಮೇಲೆ ಅವರ ಮುಖದಲ್ಲಿ ಒಂದು ತಿಂಗಳಿಂದ ಕಾಣದಿದ್ದ ನಗು ಸಣ್ಣಗೆ ಕಂಡಿತು. "ಅದ್ರಲ್ಲೂ ನೀನು ಹೇಳಿದ್ದು ತಪ್ಪು. ಇಪ್ಪತ್ ನಿಮ್ಸ ಅಂತೆ! ತಪ್ ಹೇಳಿದ್ದು ಹೇಳ್ದಂಗೇ ಅಲ್ಲ. ಕೈ ಎಲ್ಲೂ ಹೋಗಿಲ್ಲ ಬುಡು, ನಿನ್ ತಾವೇ ಐತೆ."

ಮೂವತ್ತು ವರ್ಷದ ಸರ್ವಿಸಿನಲ್ಲಿ ಒಮ್ಮೆಯೂ ಕಂಡಿರಲಿಲ್ಲ; ತಪ್ಪು ಉತ್ತರಕ್ಕೆ ಪೂರ್ತಿ ಅಂಕ ಬಂದದ್ದನ್ನು ನಾನು ನೋಡಿದ್ದು ಆವತ್ತೇ. ಗ್ರೂಪಿನಲ್ಲಿ ಆ ಸಂಜೆಯೇ ಹಾಕಿದೆ, ನಾನು ಕಳಿಸಿದ ವಿಧಾನ ತಪ್ಪು, ಯಾರೂ ಮಾಡಬೇಡಿ, ಬೇಕಾದವರು ಡಬ್ಬಿ ತನ್ನಿ ಎಂದು. ಅಟ್ಟಣಿಗೆ ತುಂಬಿದ್ದು ಹಾಗೆ.

ಆದರೆ ಸಂಜೆಗೆ ಮೊದಲು ನಡೆದ ಇನ್ನೊಂದು ಮಾತಿದೆ. ನಾನು ಸಮಾಧಾನದಿಂದ ಏಳಲು ಹೊರಟಾಗ ಅತ್ತೆ, "ಕೂತ್ಕೋ" ಎಂದರು. ಸೀರೆಯ ಅಂಚನ್ನು ನಿಧಾನವಾಗಿ ಮೇಲಕ್ಕೆ ಸರಿಸಿ ಎರಡೂ ಕಾಲು ನನ್ನ ಮುಂದೆ ಚಾಚಿದರು. ಅದೇ ಹಿಮ್ಮಡಿ. ಬಿರುಕುಗಳು ಹಳೆಯವಾಗಿ ಕಪ್ಪಗಾಗಿದ್ದವು, ಒಂದೆರಡರಲ್ಲಿ ಹಸಿ ಕೆಂಪಿತ್ತು.

"ನಂಗಚ್ಚು" ಎಂದರು.

"ಇಷ್ಟು ವರ್ಷ ಯಾಕೆ ಹಚ್ಚಿಕೊಳ್ಳಲಿಲ್ಲ ಅತ್ತೆ?"

"ಮಾಡಿದೋರ್ ಕೈ ಅವ್ರಿಗೆ ಹತ್ತಾಕಿಲ್ಲ ಕಣೇ. ಇನ್ನೊಂದ್ ಕೈ ಬೇಕು."

"ಹಾಗಾದರೆ ನಾನು ಕೇಳಿದಾಗಲೇ ಹೇಳಿಕೊಡಬಹುದಿತ್ತಲ್ಲ. ಅದಕ್ಕೂ ಮೊದಲೇ ಯಾರಿಗಾದರೂ..."

"ಜನ ನನ್ ತಾವ ಬರೋರಲ್ವಾ" ಎಂದರು, ಅದರಲ್ಲಿ ಕೇಳುವುದೇನಿದೆ ಎನ್ನುವಂತೆ.

ನಾನು ಅಸಡ್ಡೆ ಎಂದುಕೊಂಡಿದ್ದೆ. ಊರಿನ ಕೈಕಾಲಿಗೆಲ್ಲ ಹಚ್ಚಿದ ಹೆಂಗಸು ತನ್ನ ಹಿಮ್ಮಡಿಯನ್ನು ಐವತ್ತು ವರ್ಷ ಸೀರೆಯೊಳಗೆ ಬಚ್ಚಿಟ್ಟುಕೊಂಡು ನಡೆದಿದ್ದರು. ಮುಲಾಮು ಕೊಡುವವಳ ಕಾಲೇ ಹೀಗಿದೆ ಎಂದು ಯಾರಾದರೂ ಅಂದರೆ ಎಂಬ ನಾಚಿಕೆ ಬೇರೆ. ಒಂದು ಬೆರಳು ಮುಲಾಮು ತೆಗೆದು ಹಚ್ಚಿದೆ. ಬಿರುಕಿನ ಅಂಚು ಬೆರಳಿಗೆ ತಾಗಿ ಚುಚ್ಚುತ್ತಿತ್ತು. ಅತ್ತೆ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. "ಹಗುರುಕ್ ಹಚ್ತೀಯ ಕಣವ್ವ" ಎಂದರು. ಆ ದಿನದಿಂದ ದಿನಾ ಸ್ನಾನವಾದ ಮೇಲೆ ಅವರು ಕಾಲು ಚಾಚುವುದು, ನಾನು ಹಚ್ಚುವುದು.

ಎರಡು ತಿಂಗಳಾದ ಮೇಲೆ ನಾನು ಸಂತೆಯಿಂದ ಸೊಪ್ಪು ತರುತ್ತಾ ಗೇಟಿನ ಹತ್ತಿರ ಬಂದೆ. ಪುಟ್ಟತಾಯಮ್ಮ ಬಂದಿದ್ದರು. ನಾನೇ ಫೋನು ಮಾಡಿಸಿ ಕರೆಸಿದ್ದೆ. ವರಾಂಡದ ಮೆಟ್ಟಿಲ ಮೇಲೆ ಕೂತಿದ್ದರು. ಅವರ ಗುಲಾಬಿ ಮುಚ್ಚಳದ ಡಬ್ಬಿಯನ್ನು ಬೆಳಿಗ್ಗೆಯೇ ತೊಳೆದು ಒರೆಸಿ ಕಿಟಕಿಯ ಮೇಲೆ ಇಟ್ಟು ಹೋಗಿದ್ದೆ. ಅತ್ತೆ ಅವರ ಎದುರಿಗೆ ಕುರ್ಚಿಯ ಮೇಲೆ ಕೂತಿದ್ದರು. ಸೀರೆಯನ್ನು ಕಣಕಾಲಿನವರೆಗೆ ಎತ್ತಿ, ಎರಡೂ ಕಾಲನ್ನು ಉದ್ದಕ್ಕೆ, ಬೀದಿಗೆ ಕಾಣುವ ಹಾಗೆ ಚಾಚಿದ್ದರು.

"ನೋಡ್ತಾ ಕೂತ್ರೆ ಏನು, ಮುಟ್ ನೋಡೇ" ಎನ್ನುತ್ತಿದ್ದರು. "ನಮ್ ರತ್ನನ್ ಕೈ."